ಹದಿನೈದರ ಮಗ್ಗಿ ಮತ್ತು ಸಮುದ್ರದ ವಾಚು

ನನ್ನ ಭಾವನನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಿ ನೆಮ್ಮದಿಯಾಗಿ ಮನೆಗೆ ವಾಪಸ್ಸು ಬಂದವರು ಯಾರಾದರೂ ಇದ್ದರೆ ತೋರಿಸಿ, ಅವರಿಗೆ ಕೈ ಮುಗಿದು ಬರುತ್ತೇನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ನಮ್ಮಿಬ್ಬರನ್ನು ನೋಡಿಯೇ ಕಟ್ಟಿದ್ದಿರಬೇಕು. ಅವರು ನನ್ನ ಅಕ್ಕನ ಗಂಡ. ಎಪ್ಪತ್ತೈದು ದಾಟಿದೆ, ಎಡಗಿವಿ ಮಂದ, ಹಟ ಮಾತ್ರ ಒಂದು ಚೂರೂ ಮಂದವಾಗಿಲ್ಲ. ಅವರಿರುವುದು ಮತ್ತೋಡಿನ ಹತ್ತಿರದ ಹಳ್ಳಿಯಲ್ಲಿ. ನಾನು ಸರ್ಕಾರಿ ಕಚೇರಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತನಾಗಿದ್ದು ನಿವೃತ್ತನಾಗಿ ಹೊಸದುರ್ಗದಲ್ಲಿದ್ದೇನೆ.

ತಪ್ಪು ನನ್ನದೇ. ಚಿತ್ರದುರ್ಗದಲ್ಲಿ ನನಗೆ ಕೆಲಸದ ದಿನಗಳಿಂದ ಪರಿಚಯವಿರುವ ಒಬ್ಬ ಅಡಿಕೆ ವ್ಯಾಪಾರಿ ಇದ್ದಾರೆ. ಅವರಿಗೆ ಹಳೆಯ ವಾಚುಗಳ ಹುಚ್ಚು. ಕೂಡಿಸಿಟ್ಟಿದ್ದನ್ನೆಲ್ಲ ತಮ್ಮ ಮನೆಯ ಮಹಡಿಯಲ್ಲಿ ಒಂದು ದಿನ ಪರಿಚಯಸ್ಥರಿಗೆ ಮಾತ್ರ ತೋರಿಸುತ್ತೇನೆ ಎಂದು ಆಹ್ವಾನ ಪತ್ರಿಕೆ ಕಳಿಸಿದ್ದರು. ಅದರ ಮೇಲೆ ಕಪ್ಪು ಮುಖದ ಒಂದು ದಪ್ಪ ವಾಚಿನ ಚಿತ್ರ, ಕೆಳಗೆ ‘ಆಳ ಸಮುದ್ರಕ್ಕೆ ಮುಳುಗುವವರು ಕೈಗೆ ಕಟ್ಟಿಕೊಂಡಿದ್ದ ಐತಿಹಾಸಿಕ ವಾಚು’ ಎಂಬ ಸಾಲು. ಓದಿದವನೇ ಅದನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ಹರಿದು ಬಿಸಾಡಿದ್ದರೆ ಈ ಪಾಡು ಬರುತ್ತಿರಲಿಲ್ಲ. ಸಂತೆಗೆ ಬಂದಿದ್ದ ಭಾವ ಅಮಾವಾಸ್ಯೆ ಯಾವತ್ತು ಎಂದು ನೋಡಲು ಕ್ಯಾಲೆಂಡರು ಎತ್ತಿದರು, ಪತ್ರಿಕೆ ಅವರ ಕಾಲ ಮೇಲೇ ಬಿತ್ತು.

“ಮುಳುಗೋರ ವಾಚಂತೆ. ನೀರಾಗೂ ನಡೀತೈತೇನ್ಲೇ?” ಎಂದರು.

“ನಡೀತೈತಂತೆ.”

“ಹೋಗಾಣ.”

ಅಷ್ಟೇ. ನನಗೆ ಮೊಣಕಾಲು ನೋವು ಎಂದೆ. ಆಹ್ವಾನ ಒಬ್ಬನಿಗೇ ಎಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಮೊಣಕಾಲಿಗೆ ಎಕ್ಕದ ಎಲೆ ಕಟ್ಟು ಎಂದು ಹೇಳಿ ಎದ್ದು ಹೋದರು.

ನಾನೇಕೆ ಅಷ್ಟು ತಪ್ಪಿಸಿಕೊಳ್ಳಲು ನೋಡಿದೆ ಎನ್ನುವುದನ್ನು ಹೇಳಿಬಿಡುತ್ತೇನೆ. ಅಲ್ಲಿಯವರೆಗೂ ಯಾರ ಹತ್ತಿರವೂ ಹೇಳಿರಲಿಲ್ಲ, ನನ್ನ ಹೆಂಡತಿಯ ಹತ್ತಿರವೂ.

ಭಾವ ವಯಸ್ಸಿನಲ್ಲಿ ಬಾವಿಗೆ ಮುಳುಗುವ ಕೆಲಸ ಮಾಡುತ್ತಿದ್ದರು. ಬೋರ್‌ವೆಲ್ ಇನ್ನೂ ಎಲ್ಲ ಹೊಲಗಳನ್ನೂ ತೂತು ಮಾಡಿರಲಿಲ್ಲ. ಮತ್ತೋಡು, ಮಾಡದಕೆರೆ, ಅತ್ತ ಹೊಳಲ್ಕೆರೆ, ಇತ್ತ ಹಿರಿಯೂರಿನ ಕಡೆಯ ತೋಟಗಳವರೆಗೂ ಅವರಿಗೆ ಕರೆ ಬರುತ್ತಿತ್ತು. ಬಾವಿಗೆ ಬಿದ್ದ ಕೊಡ, ಪಂಪಿನ ಪೈಪಿನ ತುದಿಯಿಂದ ಕಳಚಿದ ಫುಟ್‌ವಾಲ್ವ್, ಒಮ್ಮೊಮ್ಮೆ ತರಬಾರದ್ದನ್ನೂ ತರುತ್ತಿದ್ದರು. ಸೊಂಟಕ್ಕೆ ಒಂದು ಹಗ್ಗ. ಆ ಹಗ್ಗದ ಇನ್ನೊಂದು ತುದಿ ಹಿಡಿಯಬೇಕಾದವನು ಹೆಂಡತಿಯ ತಮ್ಮ. ಅದು ಅವರ ಅಪ್ಪನ ಕಾಲದಿಂದ ಬಂದ ಕಟ್ಟಳೆ. ಅಣ್ಣತಮ್ಮಂದಿರ ಕೈಗೂ ಕೊಡುವ ಹಾಗಿಲ್ಲ, ಅವರಿಗೆ ಹೊಲದ ಪಾಲಿನ ಮೇಲೆ ಕಣ್ಣಿರುತ್ತದೆ. ಅಕ್ಕನ ತಾಳಿಯ ಮೇಲೆ ತಮ್ಮನಿಗೆ ಇರುವ ದಿಗಿಲು ಬೇರೆ ಯಾರಿಗೂ ಇರುವುದಿಲ್ಲ ಎನ್ನುತ್ತಿದ್ದರು. ಹಾಗಾಗಿ ಕಾಲೇಜು ಓದುತ್ತಿದ್ದ ನಾನು ರಜೆ ಬಂತೆಂದರೆ ಊರೂರಿನ ಬಾವಿಕಟ್ಟೆಯ ಮೇಲೆ ಹಗ್ಗ ಹಿಡಿದು ನಿಲ್ಲುತ್ತಿದ್ದೆ.

ವಾಚು ನಮ್ಮಿಬ್ಬರಿಗೂ ಇರಲಿಲ್ಲ. ಹೊತ್ತು ಲೆಕ್ಕ ಹಾಕಲು ಮಗ್ಗಿ. ಅವರು ಮುಳುಗಿದ ಕೂಡಲೇ ನಾನು ಹನ್ನೊಂದರ ಮಗ್ಗಿ ಶುರು ಮಾಡಬೇಕು. ಓಡಿಸದೆ, ಶಾಲೆಯಲ್ಲಿ ಹೇಳಿದ ಹಾಗೆ. ಹನ್ನೊಂದು, ಹನ್ನೆರಡು, ಹದಿಮೂರು ಹೀಗೆ ಹದಿನಾರು ಮುಗಿಯುವವರೆಗೆ ಅವರ ಉಸಿರು ತಡೆಯುತ್ತಿತ್ತು. ಒಳಗಿನಿಂದ ಜಗ್ಗಿದರೆ ಆಗಲೇ ಎಳೆಯಬೇಕು. ಜಗ್ಗದಿದ್ದರೆ ಹದಿನಾರು ಹತ್ಲೆ ನೂರರವತ್ತು ಎಂದ ಮೇಲೆ ಏನೇ ಆಗಲಿ ಎಳೆಯಬೇಕು.

ಮಾಡದಕೆರೆ ಕಡೆಯ ಒಂದು ತೋಟದಲ್ಲಿ ಫುಟ್‌ವಾಲ್ವ್ ತೆಗೆದುಕೊಟ್ಟು ಭಾವ ಮೇಲೆ ಬಂದು ಕೂತಿದ್ದರು. ಸೊಂಟದ ಹಗ್ಗ ಇನ್ನೂ ಬಿಚ್ಚಿರಲಿಲ್ಲ. ಆ ತೋಟದ ಆಳು, ನನ್ನದೇ ವಯಸ್ಸಿನವನು, ಪೈಪು ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದವನು ಜಾರಿ ನೀರಿಗೆ ಬಿದ್ದ. ಈಜು ಬರುತ್ತಿರಲಿಲ್ಲ. ಭಾವ ತಕ್ಷಣ ಹಾರಿದರು. ಅವರಿಗೆ ಉಸಿರು ತುಂಬಿಕೊಳ್ಳುವಷ್ಟೂ ಪುರುಸೊತ್ತು ಇರಲಿಲ್ಲ. ನಾನು ಮಗ್ಗಿ ಶುರು ಮಾಡಿದೆ. ಹಗ್ಗ ಒಂದೇ ಸಮ ಅಲ್ಲಾಡುತ್ತಿತ್ತು, ಆಮೇಲೆ ಅಲ್ಲಾಡುವುದು ನಿಂತಿತು. ಹದಿನಾಲ್ಕು ಮುಗಿಸಿದವನು ಹದಿನೈದು ಹೇಳಲಿಲ್ಲ. ಹದಿನಾರನ್ನೇ ಹಿಡಿದೆ. ಮರೆತು ಬಿಟ್ಟಿದ್ದಲ್ಲ, ಬೇಕಂತಲೇ ಬಿಟ್ಟೆ. ನನ್ನ ಕಣ್ಣ ಮುಂದೆ ಅಕ್ಕನ ಹಣೆ ಇತ್ತು. ಹದಿನಾರು ಮುಗಿಸಿ ಎಳೆದೆ. ಭಾವ ಮೇಲೆ ಬಂದಾಗ ಅವರ ಮುಷ್ಟಿಯಲ್ಲಿ ಹರಿದ ಅಂಗಿಯ ಒಂದು ತುಂಡು ಇತ್ತು. ಎರಡನೇ ಸಲ ಮುಳುಗಿ ಅವನನ್ನು ತಂದರು. ಜೀವ ಇರಲಿಲ್ಲ.

ಕಟ್ಟೆಯ ಮೇಲೆ ಯಾರೋ, “ಇನ್ನೊಂದು ಗಳಿಗೆ ಬಿಟ್ಟಿದ್ರೆ ಸಿಗ್ತಿದ್ದ” ಎಂದರು. ಭಾವ ಸೊಂಟದ ಹಗ್ಗ ಬಿಚ್ಚಿ ಸುತ್ತಿಟ್ಟರು. ಆಮೇಲೆ ಬಾವಿಗೆ ಇಳಿಯಲೇ ಇಲ್ಲ. ನಾನು ಅದೇ ವರ್ಷ ಕೆಲಸ ಸಿಕ್ಕಿ ದೂರದ ಊರಿಗೆ ಹೋದೆ. ನಲವತ್ತು ವರ್ಷ ಅವರು ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಕೇಳಿಬಿಟ್ಟರೆ ಏನು ಹೇಳಲಿ ಎಂಬ ಭಯ ಒಂದು ಕಡೆ, ಯಾಕೆ ಕೇಳುವುದಿಲ್ಲ ಈ ಮನುಷ್ಯ ಎಂಬ ಸಿಟ್ಟು ಇನ್ನೊಂದು ಕಡೆ. ಈಗ ಮುಳುಗುವವರ ವಾಚು ನೋಡಬೇಕಂತೆ! ಬಾವಿಯ ಮಾತು ಬಾರದೆ ಇದ್ದೀತೇ?

ಹೊರಟ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ನನಗಿಂತ ಮುಂಚೆ ಬಂದು ಕೂತಿದ್ದರು. ಬಿಳಿ ಪಂಚೆ, ಹೆಗಲಿಗೆ ಟವೆಲ್ಲು, ಕೈಯಲ್ಲಿ ಒಂದು ಗೋಣಿಚೀಲ.

“ಏನಿದು?”

“ನಾಕು ತೆಂಗಿನಕಾಯಿ.”

“ವಾಚು ನೋಡಾಕೆ ಹೋಗೋರು ಕಾಯಿ ಯಾಕ್ರೀ ತಂದ್ರಿ?”

“ಇನ್ನೊಬ್ರ ಮನೆಗೆ ಬರಿಗೈಲಿ ಹೋಗಾಕಾಗ್ತೈತಾ? ಮನೆ ಅಂದ್ಮ್ಯಾಲೆ ಹೆಣ್ಮಕ್ಳು ಇರ್ತಾರೆ.”

ಹೊಳಲ್ಕೆರೆ ದಾಟುವಷ್ಟರಲ್ಲಿ ಚೀಲದ ಬಾಯಿ ಬಿಚ್ಚಿಕೊಂಡು ಕಾಯಿಗಳು ಬಸ್ಸಿನ ತುಂಬ ಉರುಳಾಡಿದವು. ಒಂದು ಡ್ರೈವರಿನ ಕಾಲ ಹತ್ತಿರಕ್ಕೇ ಹೋಯಿತು. ಬ್ರೇಕಿನ ಕೆಳಗೆ ಸಿಕ್ಕಿದ್ದರೆ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕಂಡಕ್ಟರು ಬೈದಿದ್ದು ನನ್ನನ್ನು. ಭಾವ ಕಿಟಕಿಯಾಚೆ ನೋಡುತ್ತಾ, ಆ ತೋಟದವರು ಸೋಗೆ ಇಳಿಸಿಲ್ಲ, ಈ ತೋಟದವರು ಗೊಬ್ಬರ ಕಂಡಿಲ್ಲ ಎಂದು ಊರವರ ತೋಟಗಳ ಕುಂದು ಎಣಿಸುತ್ತಿದ್ದರು. ನಾನು ಮೊಣಕಾಲು ಮಡಚಲಾರದೆ ಸೀಟಿನ ಕೆಳಗೆ ಕೈ ಹಾಕಿ ಒಂದೊಂದೇ ಕಾಯಿ ಹುಡುಕಿ ತಂದೆ. ಮೈಯೆಲ್ಲ ಉರಿದುಹೋಯಿತು.

ವ್ಯಾಪಾರಿಯ ಮನೆಯಲ್ಲಿ ಚಪ್ಪಲಿ ಕೆಳಗೆ ಬಿಟ್ಟು ಮಹಡಿ ಹತ್ತಿದೆವು. ಇಪ್ಪತ್ತು ಮೂವತ್ತು ಜನ ಸೇರಿದ್ದರು. ವಾಚುಗಳೆಲ್ಲ ಗಾಜಿನ ಪೆಟ್ಟಿಗೆಗಳಲ್ಲಿ. ನೋಡೋಣವೆಂದರೆ ಮೊದಲು ಭಾಷಣ. ಯಜಮಾನರು ಮೈಕು ಹಿಡಿದರು, ನಾವು ಇಷ್ಟೇ ಜನ ಇದ್ದೆವು, ಮೈಕು ಯಾಕೆ ಬೇಕಿತ್ತೋ ದೇವರೇ ಬಲ್ಲ. ಆ ಸಮುದ್ರದ ವಾಚು ಯಾವ ದೇಶದಲ್ಲಿತ್ತು, ಯಾರು ಯಾರಿಗೆ ಫೋನು ಮಾಡಿದರು, ಹೇಗೆ ತಮ್ಮ ಕೈ ಸೇರಿತು ಎಂಬುದನ್ನು ಹೇಳಿದ್ದೇ ಹೇಳಿದ್ದು. ಆಮೇಲೆ ಯಾರಿಗೋ ಶಾಲು, ಯಾರಿಗೋ ಹಾರ. ಆಮೇಲೆ ಮಂಡಕ್ಕಿ, ಮಿರ್ಚಿ. ಭಾವ ಮೂರು ಮಿರ್ಚಿ ತಿಂದು ಎಣ್ಣೆಗೈಯನ್ನು ಟವೆಲ್ಲಿಗೆ ಒರೆಸಿಕೊಂಡರು. ಬೆಂಗಳೂರಿನಿಂದ ಕರೆಸಿದ್ದ ವಾಚಿನ ಪರಿಣತ ಒಬ್ಬ, ಕೈಗೆ ಬಿಳಿ ಗವಸು ಹಾಕಿಕೊಂಡಿದ್ದವನು, ಅದನ್ನೇ ಕೆಕ್ಕರಿಸಿ ನೋಡಿದ.

“ತಿಂದಾಯ್ತಲ್ಲ, ಮನೆಗೆ ಹೋಗಾಣ್ವಾ?” ಎಂದೆ.

“ವಾಚೇ ನೋಡಿಲ್ಲ, ಏನಪ್ಪ ನೀನು!”

ಅಷ್ಟರಲ್ಲಿ ಅವರು ಯಜಮಾನರ ತಾಯಿಯನ್ನು ಹುಡುಕಿ ಕಾಯಿಯ ಚೀಲ ಕೊಟ್ಟು, “ನಮ್ ತೋಟದ್ದು, ತಗಳ್ರಮ್ಮ” ಎಂದಿದ್ದರು. ಎಂಬತ್ತರ ಆಸುಪಾಸಿನ ಆ ಮುದುಕಿ ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, “ಇದಪ್ಪಾ ಕಾಯಿ ಅಂದ್ರೆ! ಬರ್ರಿ, ಮುಂದೆ ಬಂದು ಕುಂತ್ಕಳ್ರಿ” ಎಂದು ಇವರನ್ನು ಎಲ್ಲರಿಗಿಂತ ಮುಂದೆ, ಸಮುದ್ರದ ವಾಚಿನ ಎದುರಿಗೇ ಕೂರಿಸಿದಳು. ಭಾಷಣಕ್ಕೆ, ಶಾಲಿಗೆ ಸಿಗದ ಜಾಗ ನಾಲ್ಕು ತೆಂಗಿನಕಾಯಿಗೆ ಸಿಕ್ಕಿತು. ನಾನು ಹಿಂದೆ ನಿಂತೆ.

ವಾಚು ಚೆನ್ನಾಗಿತ್ತು, ಇಲ್ಲ ಎನ್ನುವುದಿಲ್ಲ. ಕಪ್ಪು ಮುಖ, ಮಾಸಿ ಕೆನೆಯ ಬಣ್ಣಕ್ಕೆ ತಿರುಗಿದ ದಪ್ಪ ಗುರುತುಗಳು, ಮುಖದ ಸುತ್ತಲೂ ನಿಮಿಷದ ಅಂಕಿಗಳಿರುವ ಒಂದು ಬಳೆ. ಎಷ್ಟು ನೀರು ಕಂಡಿತ್ತೋ, ಉಕ್ಕಿನ ಮೈಯೆಲ್ಲ ಗೀರುಗಳು. ಅದರ ಹಣೆಗೆ, ಅಂದರೆ ಹನ್ನೆರಡರ ಗುರುತಿನ ಮೇಲೆ, ದೊಡ್ಡದಾಗಿ ಗಂಧ, ಗಂಧದ ಮೇಲೆ ಕುಂಕುಮ.

ಗವಸಿನವನು ಅದನ್ನು ಹೊರಗೆ ತೆಗೆದು, “ಈ ಬಳೆಯನ್ನು ಗಮನಿಸಿ, ಇದು ತಿರುಗುತ್ತದೆ” ಎಂದು ತಿರುಗಿಸಲು ಹೋದ. ತಿರುಗಲಿಲ್ಲ. ಮತ್ತೆ ಪ್ರಯತ್ನಿಸಿದ. ಅಲ್ಲಾಡಲಿಲ್ಲ. ಕಣ್ಣಿಗೆ ಭೂತಗನ್ನಡಿ ಏರಿಸಿ ನೋಡಿದವನೇ, “ಇದರೊಳಗೆ ಗಂಧ ಯಾರು ಹಾಕಿದ್ದು?” ಎಂದು ಕಿರುಚಿದ. ಅರವತ್ತು ಎಪ್ಪತ್ತು ವರ್ಷ ಉಪ್ಪುನೀರು ತಡೆದ ವಾಚಿಗೆ ಚಿತ್ರದುರ್ಗದ ಗಂಧ ತಡೆಯಲಾಗಿರಲಿಲ್ಲ.

ಮುದುಕಿ ಜಗ್ಗಲಿಲ್ಲ. “ನಾನೇ ಹಚ್ಚಿದ್ದು. ಆಯುಧಪೂಜೆ ದಿನ ಮನ್ಯಾಗಿರೋ ಯಂತ್ರಕ್ಕೆಲ್ಲಾ ಹಚ್ಚಲ್ವಾ? ಮಿಕ್ಸಿಗೂ ಹಚ್ಚೀನಿ, ಅದೇನು ನಿಂತೈತಾ?”

ಯಜಮಾನರ ಮುಖ ಹುಳ್ಳಗಾಯಿತು. ಗವಸಿನವನು ಸಣ್ಣ ಬ್ರಷ್ಷು ತೆಗೆದು ಉಜ್ಜಿದ, ಊದಿದ, ಬೆವರಿದ. ಒಣಗಿದ ಗಂಧ ಬಂಡೆಯಾಗಿತ್ತು. ಆಗ ನನ್ನ ಭಾವ ಸುಮ್ಮನಿರಬೇಕೋ ಬೇಡವೋ? ಪಂಚೆಯ ಅಂಚಿನಿಂದ ಒಂದು ದಾರ ಎಳೆದು, ಎಂಜಲು ಮಾಡಿ ಹೊಸೆದು, “ಇತ್ತ ಕೊಡ್ರಿ” ಎಂದರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು.

“ಮುಟ್ಟಬೇಡಿ!” ಎಂದ ಗವಸಿನವನು.

“ಭಾವ, ಬಿಡ್ರಿ, ಅದೇನು ಫುಟ್‌ವಾಲ್ವಾ?” ಎಂದೆ ನಾನು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ಮುಟ್ಲಿ ಬಿಡಪ್ಪ. ಕೈ ನೋಡಿದ್ರೇ ಗೊತ್ತಾಗಲ್ವಾ, ಕೆಲ್ಸದ ಮನುಷ್ಯ” ಎಂದಳು ಮುದುಕಿ. ಮನೆಯಲ್ಲಿ ಅವಳ ಮಾತೇ ಕೊನೆ ಎಂದು ಕಾಣುತ್ತದೆ. ಗವಸಿನವನು ವಾಚನ್ನು ತನ್ನ ಕೈಯಲ್ಲೇ ಗಟ್ಟಿಯಾಗಿ ಹಿಡಿದು ಚಾಚಿದ. ಭಾವ ದಾರವನ್ನು ಬಳೆಯ ಕೆಳಗಿನ ಸಂದಿಗೆ ಸೇರಿಸಿ ಅತ್ತ ಇತ್ತ ಮೆಲ್ಲಗೆ ಎಳೆದರು. ಕೆಂಪು ಪುಡಿ ಉದುರಿತು. ಸ್ವಲ್ಪ ಸ್ವಲ್ಪವೇ ಸುತ್ತ ಬಂದರು. ಕೊನೆಗೆ ಬೆರಳಿಟ್ಟು ಬಳೆಯನ್ನು ನೂಕಿದರು. ಟಿಕ್, ಟಿಕ್, ಟಿಕ್ ಎಂದು ಎಡಕ್ಕೆ ತಿರುಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಭಾವ ಬಲಕ್ಕೆ ನೂಕಿದರು. ಬರಲಿಲ್ಲ.

“ಕೆಟ್ಟೈತೆ. ಈ ಕಡೀಗೆ ಬರಂಗಿಲ್ಲ.”

“ಕೆಟ್ಟಿಲ್ಲ ಅಜ್ಜ, ಅದನ್ನು ಮಾಡಿರುವುದೇ ಹಾಗೆ” ಎಂದ ಗವಸಿನವನು. ಈಗ ಅವನ ದನಿ ಮೆತ್ತಗಾಗಿತ್ತು. “ಮುಳುಗುವವನು ನೀರಿಗೆ ಇಳಿಯುವ ಮುಂಚೆ ಬಳೆಯ ಈ ಗುರುತನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ಇಟ್ಟುಕೊಳ್ಳುತ್ತಾನೆ. ಮುಳ್ಳು ಎಷ್ಟು ಮುಂದೆ ಹೋಯಿತೋ ಅಷ್ಟು ಹೊತ್ತು ಕಳೆಯಿತು ಎಂದು ಲೆಕ್ಕ. ನೀರೊಳಗೆ ಕಲ್ಲಿಗೋ ಹಗ್ಗಕ್ಕೋ ತಗುಲಿ ಬಳೆ ಸರಿದುಬಿಟ್ಟರೆ? ಅದಕ್ಕೇ ಇದು ಒಂದೇ ಕಡೆ ಸರಿಯುತ್ತದೆ. ಸರಿದರೂ ಕಳೆದ ಹೊತ್ತನ್ನು ಹೆಚ್ಚು ತೋರಿಸುತ್ತದೆ, ಕಮ್ಮಿ ತೋರಿಸುವುದಿಲ್ಲ. ತಪ್ಪಾದರೆ ಅವನು ಬೇಗ ಮೇಲೆ ಬರುತ್ತಾನೆ. ಬೇಗ ಬಂದರೆ ಕೆಲಸ ಕೆಡಬಹುದು. ತಡವಾದರೆ ಜೀವ ಹೋಗುತ್ತದೆ.”

“ಏನಂದ್ರಿ? ಇನ್ನೊಂದ್ಸಲ ಹೇಳ್ರಿ.”

ಅವನು ಮತ್ತೆ ಹೇಳಿದ.

“ನನಗೆ ಈ ಕಿವಿ ಮಂದ. ವಸಿ ಗಟ್ಟಿಯಾಗಿ ಹೇಳ್ರಿ.”

ಮೂರನೆಯ ಸಲ ಅವನು ಮಹಡಿಯೆಲ್ಲ ಕೇಳುವ ಹಾಗೆ ಕೂಗಿ ಹೇಳಿದ. ಜನ ನಗಲು ಶುರು ಮಾಡಿದರು. ನನಗೆ ಪಿತ್ತ ನೆತ್ತಿಗೇರಿತು. ನಾಚಿಕೆಯೋ, ಹೆದರಿಕೆಯೋ, ಆ ಮಾತು ಮೂರು ಸಲ ಕಿವಿಗೆ ಬಿದ್ದಿದ್ದಕ್ಕೋ ತಿಳಿಯದು. ಭಾವನ ರಟ್ಟೆ ಹಿಡಿದು ಎಬ್ಬಿಸಿ, ಯಜಮಾನರಿಗೆ ಕೈ ಮುಗಿದು, ಮೆಟ್ಟಿಲು ಇಳಿಸಿಕೊಂಡು ಬಂದೆ.

ಬಸ್ಸು ಹೊರಟ ಮೇಲೂ ನನ್ನ ಸಿಟ್ಟು ಇಳಿದಿರಲಿಲ್ಲ. “ಒಂದು ಮಾತನ್ನ ಎಷ್ಟು ಸಲ ಹೇಳಿಸ್ತೀರಿ? ಜನ ನಕ್ರು. ಒಂದ್ಸಲಕ್ಕೇ ಕೇಳಿಸ್ಲಿಲ್ವಾ ನಿಮಗೆ?”

“ನಂಗೆ ಒಂದ್ಸಲಕ್ಕೇ ಕೇಳಿಸ್ತು” ಎಂದರು ಭಾವ. “ನಿಂಗೆ ಕೇಳಿಸ್ಲಿ ಅಂತ ಹೇಳಿಸ್ದೆ.”

ಅವರು ಎಲೆಗೆ ಸುಣ್ಣ ಹಚ್ಚುತ್ತಾ ಮುಂದುವರಿಸಿದರು.

“ನೀನೊಬ್ನೇ ಮಗ್ಗಿ ಹೇಳ್ತಿದ್ದೆ ಅಂದ್ಕಂಡಿದ್ದೇನ್ಲೇ? ಒಳಗೆ ನಾನೂ ಹೇಳ್ಕಂತಿದ್ದೆ. ಕಲಿಸ್ದೋನು ನೀನೇ ಅಲ್ವಾ. ಅವತ್ತು ನಾನು ಹದಿನೈದು ಮುಗ್ಸಿ ಹದಿನಾರು ಹಿಡೀಬೇಕು, ಅಷ್ಟ್ರಾಗೆ ಹಗ್ಗ ಎಳೀತು. ಒಂದು ಮಗ್ಗಿ ತಿಂದೆ ನೀನು.”

“ತಿಂದೆ” ಎಂದೆ. ನಲವತ್ತು ವರ್ಷ ಹೊಟ್ಟೆಯಲ್ಲಿದ್ದದ್ದು ಎರಡಕ್ಷರದಲ್ಲಿ ಹೊರಗೆ ಬಂತು. “ಬೇಕಂತ್ಲೇ ತಿಂದೆ ಭಾವ. ಬಿಟ್ಟಿದ್ರೆ ಆ ಹುಡುಗ ಸಿಗ್ತಿದ್ನಾ?”

“ಸಿಗ್ತಿದ್ನೋ ಇಲ್ವೋ, ನಂಗೂ ಗೊತ್ತಿಲ್ಲ. ಅವ್ನ ಅಂಗಿ ಕೈಗೆ ಸಿಕ್ಕಿತ್ತು. ಉಸ್ರು ತಗಳ್ದೆ ಹಾರಿದ್ದೆ ನಾನು, ಹದಿನಾರು ಮುಗಿಯಾ ಗಂಟ ನಾನೇ ಇರ್ತಿದ್ನೋ ಇಲ್ವೋ ಅದೂ ಗೊತ್ತಿಲ್ಲ.” ಎಲೆ ಬಾಯಿಗೆ ಹಾಕಿಕೊಂಡರು. “ನಾನಂತೂ ಮೇಲೆ ಬಂದೆ. ಆ ದೇಶದೋರು ಅದಕ್ಕೆ ಅಂತ ಬಳೆ ಮಾಡವ್ರೆ. ನಮ್ಮೋರು ಹೆಂಡ್ತಿ ತಮ್ಮನ್ನ ಇಟ್ಟವ್ರೆ.”

ನನಗೆ ಅಳು ಬರಬೇಕಿತ್ತು. ಬಂದದ್ದು ಕೋಪ, ಎಂಥ ಕೋಪವೆಂದರೆ ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ. “ನಲವತ್ತು ವರ್ಷ! ಇಷ್ಟು ಹೇಳಾಕೆ ನಿಮಗೆ ನಲವತ್ತು ವರ್ಷ ಬೇಕಾಯ್ತಾ? ನಿಮ್ಮ ಬಾಯಿಗೆ ಬೀಗ ಬಿದ್ದಿತ್ತಾ? ನಾನು ನಿದ್ದೆಗೆಟ್ಟಿದ್ದು ನಿಮಗೇನು ಗೊತ್ತು?”

“ನೀನು ಕೇಳ್ಲಿಲ್ಲ.”

“ಕೇಳ್ಲಿಲ್ಲವಂತೆ! ಮತ್ತೆ ನನ್ನ ಮ್ಯಾಲೆ ಸಿಟ್ಟಿಲ್ದಿದ್ರೆ ಆಮ್ಯಾಲೆ ಬಾವಿಗೆ ಯಾಕೆ ಇಳೀಲಿಲ್ಲ?”

ಭಾವ ನನ್ನ ಕಡೆ ತಿರುಗಿದರು. ಏನು ದಡ್ಡನಪ್ಪಾ ಇವನು ಎನ್ನುವ ಹಾಗೆ ನೋಡಿದರು.

“ಹಗ್ಗ ಹಿಡಿಯಾನು ಎಲ್ಲಿ ಬಂದ? ರಜಕ್ಕೆ ಬತ್ತಾನೆ ಅಂತ ನಿಮ್ಮಕ್ಕ ಹಗ್ಗಾನ ಬಿಸ್ಲಿಗೆ ಹಾಕಿ ಹಾಕಿ ಎತ್ತಿಟ್ಲು. ಮೂರು ವರ್ಷ ನೋಡಿದ್ವಿ. ನೀನು ಊರ್ಗೆ ಬಂದ್ರೂ ನಮ್ಮನೆ ಕಡೆ ತಲೆ ಹಾಕ್ಲಿಲ್ಲ. ಬೇರೇರ ಕೈಗೆ ಕೊಟ್ಟು ಇಳಿಯಾಕಾಗ್ತೈತಾ?”

ಕಂಡಕ್ಟರು ಟಿಕೇಟು ಟಿಕೇಟು ಎಂದು ಬಂದ. ಬೆಳಿಗ್ಗೆಯವನೇ. “ಕಾಯಿ ಇಲ್ವಾ ಈಗ?” ಎಂದು ಅಣಕಿಸಿ ಎರಡು ಟಿಕೇಟು ಹರಿದು ಹೋದ. ನಾನು ಅವನ್ನು ಹಿಡಿದುಕೊಂಡು ಕೂತೆ. ಆ ಹಗ್ಗ ಅಕ್ಕನ ಮನೆಯ ಅಟ್ಟದ ಮೇಲೆ ಇರುವುದನ್ನು ಆಮೇಲಿನ ವರ್ಷಗಳಲ್ಲಿ ಹೋದಾಗಲೆಲ್ಲ ನೋಡಿದ್ದೇನೆ. ನನಗೆ ತೋರಿಸಲೆಂದೇ, ನನ್ನನ್ನು ಚುಚ್ಚಲೆಂದೇ ಇಟ್ಟಿದ್ದಾರೆ ಎಂದುಕೊಂಡು ಆ ಕಡೆ ಬೆನ್ನು ಹಾಕಿ ಊಟ ಮಾಡಿ ಬಂದಿದ್ದೇನೆ.

ಹೊಳಲ್ಕೆರೆ ಬಂತು. ಜನ ಇಳಿದರು, ಹತ್ತಿದರು. ಬಸ್ಸು ಮತ್ತೆ ಹೊರಟ ಮೇಲೆ ಭಾವ ಮೊಣಕೈಯಿಂದ ತಿವಿದರು.

“ಹೇಳು.”

“ಏನು?”

“ಹದಿನೈದು. ಅವತ್ತು ಬಿಟ್ಟಿದ್ಯಲ್ಲ.”

“ಈಗಾ? ಬಸ್ಸಿನಾಗಾ? ತಲೆ ಕೆಟ್ಟೈತಾ ನಿಮಗೆ?”

“ಓಡಿಸ್ಬ್ಯಾಡ. ನಿಧಾನಕ್ಕೆ ಹೇಳು.”

ಈ ಮನುಷ್ಯನ ಹಟ ಗೊತ್ತಲ್ಲ. ಹೇಳದಿದ್ದರೆ ಹೊಸದುರ್ಗದವರೆಗೂ ತಿವಿಯುತ್ತಲೇ ಇರುತ್ತಾರೆ. ಹದಿನೈದೊಂದ್ಲೆ ಹದಿನೈದು ಎಂದೆ. ಹದಿನೈದೆರಡ್ಲೆ ಮೂವತ್ತು. ಪಕ್ಕದ ಸೀಟಿನ ಹೆಂಗಸು ಮೊಬೈಲು ಬಿಟ್ಟು ನನ್ನನ್ನು ನೋಡಿದಳು. ಹದಿನೈದ್ಮೂರ್ಲೆ ನಲವತ್ತೈದು, ಹದಿನೈದ್ನಾಕ್ಲೆ ಅರವತ್ತು, ಹದಿನೈದೈದ್ಲೆ ಎಪ್ಪತ್ತೈದು. ಹದಿನೈದಾರ್ಲೆ ಎಂದವನು ಅಲ್ಲಿಗೇ ನಿಂತೆ. ಲೆಕ್ಕದಲ್ಲೇ ಜೀವನ ತೆಗೆದವನು, ಹದಿನೈದಾರ್ಲೆ ಎಷ್ಟೆಂದು ಗೊತ್ತಿದ್ದೂ ಬಾಯಿಂದ ಹೊರಡಲಿಲ್ಲ.

“ತೊಂಬತ್ತು” ಎಂದರು ಭಾವ, ಕಿಟಕಿಯಾಚೆ ನೋಡುತ್ತಾ. “ಮುಂದಕ್ಕೆ ಹೇಳು.”